ಶಾರ್ಕ್ ಭಯ ಇಟ್ಟುಕೊಂಡು ನೇತ್ರಾಣಿಯಲ್ಲಿ ಡೈವ್ ಮಾಡಬಹುದಾ?

ಪ್ರಶ್ನೆ (ಮಂಡ್ಯದಿಂದ): ಮೇಡಂ, ನಾನು ಚಿಕ್ಕಂದಿನಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಈಜಿ ಬೆಳೆದವನು. ಈಗ ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಸೇರಿದ್ದೇನೆ. ಪೂಲ್‌ನ ಪಾಠಗಳು ಮುಗಿದಿವೆ, ಎಲ್ಲೂ ತೊಂದರೆ ಆಗಲಿಲ್ಲ. ಸಮುದ್ರದ 4 ಡೈವ್ ಬಾಕಿ ಇವೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಅಲ್ಲಿ ಶಾರ್ಕ್ ಇರುತ್ತವೆ ಅಂತ ಗೊತ್ತಾದ ಮೇಲೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಬೆನ್ನ ಹಿಂದೆ ಏನೋ ಬಂದ ಹಾಗೆ ಅನ್ನಿಸುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಭಯ ಹೋಗುವವರೆಗೆ ಡೈವ್ ಮುಂದಕ್ಕೆ ಹಾಕಲಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು, ನಾನೂ ಡೈವ್ ಮಾಡುತ್ತೇನೆ): ಭಯ ಪೂರ್ತಿ ಹೋಗಲಿ ಅಂತ ಕಾಯಬೇಡಿ. ಮುಂದಕ್ಕೆ ಹಾಕಿದ ತಕ್ಷಣ ಹಾಯೆನಿಸುತ್ತದೆ, ನಿಜ. ಆದರೆ ‘ಹೋಗಲಿಲ್ಲ, ಅದಕ್ಕೇ ಉಳಿದೆ’ ಅಂತ ಮನಸ್ಸು ಪಾಠ ಕಲಿತುಬಿಡುತ್ತದೆ. ಮುಂದಿನ ಸಲ ಭಯ ಇನ್ನೂ ಜಾಸ್ತಿ. ಹಾಗಂತ ಅದನ್ನು ಬಚ್ಚಿಟ್ಟುಕೊಂಡು ನೀರಿಗೆ ಇಳಿಯುವುದೂ ಬೇಡ. ‘ಯಾರಿಗೂ ಹೇಳಿಲ್ಲ’ ಅಂದಿರಲ್ಲ, ನನಗೆ ಚಿಂತೆ ಆಗಿದ್ದು ಆ ಮಾತು ಓದಿ.

ನೀವು ನಾಲೆಯಲ್ಲಿ ಈಜಿದವರು. ವಿ.ಸಿ. ನಾಲೆಯ ಸೆಳೆತ ಎಷ್ಟು ಜೀವ ತೆಗೆದಿದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅಲ್ಲಿ ಭಯ ಇರಲಿಲ್ಲ, ಅಲ್ವಾ? ಪರಿಚಯದ ನೀರು ಅಂತ. ಭಯ ಅಪಾಯವನ್ನು ಅಳೆದು ಬರುವುದಿಲ್ಲ. ಗೊತ್ತಿಲ್ಲದ್ದು, ಕಾಣದ್ದು ಯಾವುದೋ ಅಲ್ಲಿಗೆ ಹೋಗಿ ಕೂರುತ್ತದೆ.

ಹಾಗಾಗಿ ಮೊದಲು ಪರಿಚಯ ಮಾಡಿಕೊಳ್ಳಿ. ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ನೇತ್ರಾಣಿಯಲ್ಲಿ ಅದೃಷ್ಟ ಇದ್ದರೆ ಕಾಣುವುದು ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್ ಅಥವಾ ಬ್ಯಾಂಬೂ ಶಾರ್ಕ್. ಬ್ಲ್ಯಾಕ್‌ಟಿಪ್ ಹೆಚ್ಚುಕಡಿಮೆ ಮನುಷ್ಯನ ಉದ್ದ. ಸಣ್ಣ ಮೀನು ತಿನ್ನುತ್ತದೆ, ನಮ್ಮ ಗುಳ್ಳೆಗಳ ಸದ್ದಿಗೇ ದೂರ ಸರಿಯುವುದು ಸಾಮಾನ್ಯ. ಬ್ಯಾಂಬೂ ಶಾರ್ಕ್ ಬಂಡೆ ಸಂದಿಯಲ್ಲಿ ಮಲಗಿರುತ್ತದೆ. ಜಗತ್ತಿನಲ್ಲಿ ಶಾರ್ಕ್ ಕಚ್ಚಿದ ಪ್ರಕರಣಗಳನ್ನೆಲ್ಲ ಅಮೆರಿಕದ ಫ್ಲೋರಿಡಾ ಮ್ಯೂಸಿಯಂನ ‘ಇಂಟರ್‌ನ್ಯಾಷನಲ್ ಶಾರ್ಕ್ ಅಟ್ಯಾಕ್ ಫೈಲ್’ನಲ್ಲಿ ದಾಖಲಿಸುತ್ತಾರೆ. ಅದರ ಪ್ರಕಾರ 2023ರಲ್ಲಿ ಇಡೀ ಜಗತ್ತಿನಲ್ಲಿ ಕೆಣಕದೆಯೇ ಕಚ್ಚಿದ್ದು 69 ಸಲ. ಅದರಲ್ಲಿ ಸಾವು 10. ಹೆಚ್ಚಿನವರು ನೀರಿನ ಮೇಲಿದ್ದ ಸರ್ಫರ್‌ಗಳು, ಈಜುಗಾರರು.

ಆದರೆ ಅಂಕಿಅಂಶ ಓದಿದರೆ ಎದೆ ಬಡಿತ ಇಳಿಯುವುದಿಲ್ಲ. ಡೈವರ್‌ಗೆ ನಿಜವಾದ ಅಪಾಯ ಗಾಬರಿ. ಗಾಬರಿಯಾದಾಗ ಉಸಿರು ಚಿಕ್ಕದಾಗುತ್ತದೆ, ಬೇಗಬೇಗ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಸರಿಯಾಗಿ ಹೊರಗೆ ಹೋಗುವುದಿಲ್ಲ. ಸಿಲಿಂಡರ್ ತುಂಬ ಗಾಳಿ ಇದ್ದರೂ ‘ಉಸಿರು ಸಾಲುತ್ತಿಲ್ಲ’ ಅನ್ನಿಸುತ್ತದೆ. ಆಗ ಜನ ಉಸಿರು ಬಿಗಿಹಿಡಿದು ಮೇಲಕ್ಕೆ ಓಡುತ್ತಾರೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು. ಯಾವ ಶಾರ್ಕೂ ಹತ್ತಿರ ಬರದೆಯೇ ಹೀಗಾಗಬಹುದು.

ಇವತ್ತಿನಿಂದಲೇ ದಿನಾ ಸ್ವಲ್ಪ ಹೊತ್ತು ಉಸಿರಿನ ಅಭ್ಯಾಸ ಮಾಡಿ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ನಡುವೆ ತಡೆಹಿಡಿಯದೆ. ಮನೆಯಲ್ಲಿ ಹಿಡಿತ ಸಿಕ್ಕ ಮೇಲೆ ಪೂಲ್‌ನಲ್ಲಿ ಸ್ನಾರ್ಕೆಲ್ (ಬಾಯಲ್ಲಿ ಹಿಡಿಯುವ ಉಸಿರಿನ ಕೊಳವೆ) ಹಾಕಿಕೊಂಡು ಮುಖ ಕೆಳಗೆ ಮಾಡಿ ಅದನ್ನೇ ಮಾಡಿ. ಮೈಸೂರಿಗೆ ಬರುವುದಿದ್ದರೆ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ.

ಇದರ ಜೊತೆಗೆ ಶಾರ್ಕ್ ನೋಡುವ ಅಭ್ಯಾಸ. ಮೊದಲು ಫೋಟೊ, ಆಮೇಲೆ ಡೈವರ್‌ಗಳು ತೆಗೆದ ಮಾಮೂಲಿ ವಿಡಿಯೊ. ಸಿನಿಮಾ ದೃಶ್ಯ ಖಂಡಿತಾ ಬೇಡ. ನೋಡುವ ಮೊದಲು ‘ಏನಾಗುತ್ತೆ ಅಂತ ಹೆದರಿದ್ದೀನಿ’ ಅಂತ ಬರೆದಿಡಿ. ಭಯ ಏರಿದಾಗ ಆಫ್ ಮಾಡಬೇಡಿ, ಇಳಿಯುವವರೆಗೆ ನೋಡಿ. ಆಮೇಲೆ ಬರೆದದ್ದನ್ನು ಓದಿ. ಹೆದರಿದ್ದಕ್ಕೂ ಆಗಿದ್ದಕ್ಕೂ ಇರುವ ಅಂತರ ನೋಡಿ ಮನಸ್ಸು ಕಲಿಯುತ್ತದೆ.

ನೀರಿನಲ್ಲಿ ಶಾರ್ಕ್ ಕಂಡರೆ ಉಸಿರು ನಿಧಾನ ಮಾಡಿ, ನಿಮ್ಮ ಜೊತೆಗಾರ ಡೈವರ್ (buddy) ಪಕ್ಕಕ್ಕೆ ಹೋಗಿ. ಅದರ ಮೇಲೆ ಕಣ್ಣಿರಲಿ. ಕೈಕಾಲು ಬಡಿಯಬೇಡಿ, ಬೆನ್ನಟ್ಟಬೇಡಿ. ಮಲಗಿರುವುದನ್ನು ಮುಟ್ಟಲೇಬೇಡಿ. ಭಯ ತಡೆಯಲಾಗದಿದ್ದರೆ ಹೆಬ್ಬೆರಳು ಮೇಲೆ ಮಾಡಿ ತೋರಿಸಿ. ‘ಮೇಲೆ ಹೋಗೋಣ’ ಅಂತ ಅರ್ಥ. ಯಾವ ಡೈವರ್ ಬೇಕಾದರೂ, ಯಾವಾಗ ಬೇಕಾದರೂ ಡೈವ್ ನಿಲ್ಲಿಸಬಹುದು. ಕಾರಣ ಹೇಳಬೇಕಾಗಿಲ್ಲ. ಜೊತೆಯವರೊಂದಿಗೆ ನಿಧಾನವಾಗಿ, ಉಸಿರಾಡುತ್ತಲೇ ಮೇಲೆ ಬನ್ನಿ.

ಮರುಪ್ರಶ್ನೆ (ಮೈಸೂರು, ಕುವೆಂಪುನಗರದಿಂದ): ಮುಟ್ಟಿನ ದಿನಗಳಲ್ಲಿ ಡೈವ್ ಮಾಡಿದರೆ ರಕ್ತದ ವಾಸನೆಗೆ ಶಾರ್ಕ್ ಬರುತ್ತವೆ ಅಂತಾರೆ. ನಿಜಾನಾ?

ಉತ್ತರ: ಕೇಳಿದ್ದು ತುಂಬಾ ಒಳ್ಳೆಯದಾಯಿತು. ಎಷ್ಟೋ ಹೆಣ್ಣುಮಕ್ಕಳು ಕೇಳಲು ಸಂಕೋಚಪಟ್ಟು ಸುಮ್ನೆ ದೋಣಿಯಲ್ಲೇ ಕೂತುಬಿಡುತ್ತಾರೆ. ಮುಟ್ಟಾದ ಡೈವರ್‌ಗಳ ಮೇಲೆ ದಾಳಿ ಹೆಚ್ಚು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಹೊಟ್ಟೆನೋವು, ಸುಸ್ತು ಇಲ್ಲದಿದ್ದರೆ ಧಾರಾಳವಾಗಿ ಇಳಿಯಿರಿ.

ಮರುಪ್ರಶ್ನೆ (ಶ್ರೀರಂಗಪಟ್ಟಣದಿಂದ): ಡೈವ್‌ಗೆ ಮುಂಚೆ ಆತಂಕದ ಮಾತ್ರೆ ಅರ್ಧ ತೆಗೆದುಕೊಂಡರೆ?

ಉತ್ತರ: ಬೇಡ. ಮಂಪರು ತರಿಸುವ ಮಾತ್ರೆ ಯೋಚನೆಯನ್ನು ನಿಧಾನ ಮಾಡುತ್ತದೆ. ಆಳ ಹೆಚ್ಚಾದಂತೆ, ಉಸಿರಾಡುವ ಗಾಳಿಯಲ್ಲಿರುವ ನೈಟ್ರೋಜನ್‌ನಿಂದ ಬರುವ ಮಂಕು ಅದಕ್ಕೆ ಸೇರಿಕೊಳ್ಳುತ್ತದೆ. ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ನೀವಾಗೇ ನಿಲ್ಲಿಸಬೇಡಿ. ಡಾಕ್ಟರ್‌ಗೆ ಡೈವಿಂಗ್ ವಿಷಯ ಹೇಳಿ, ಅವರ ಒಪ್ಪಿಗೆ ಸಿಕ್ಕ ಮೇಲೆ ಹೋಗಿ.

ಮೊದಲು ಪ್ರಶ್ನೆ ಕೇಳಿದವರು: ಇನ್‌ಸ್ಟ್ರಕ್ಟರ್‌ಗೆ ಹೇಳಿದರೆ ಕೋರ್ಸ್‌ನಿಂದ ತೆಗೆದುಬಿಡುತ್ತಾರಾ ಅನ್ನೋ ಹೆದರಿಕೆ ಮೇಡಂ.

ಉತ್ತರ: ಶಾರ್ಕ್ ಭಯ ಇದೆ ಅಂತ ಹೇಳುವವರು ಅವರಿಗೆ ಹೊಸಬರೇನಲ್ಲ. ಗೊತ್ತಿದ್ದರೆ ನಿಮ್ಮನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ, ಮೊದಲ ಡೈವ್ ಆಳಕ್ಕೆ ಒಯ್ಯುವುದಿಲ್ಲ. ಆರೋಗ್ಯದ ಫಾರ್ಮ್‌ನಲ್ಲಿ ಪ್ಯಾನಿಕ್ ಅಟ್ಯಾಕ್, ಅಸ್ತಮಾ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅದಕ್ಕೆ ಡಾಕ್ಟರ್ ಸಹಿ ಬೇಕಾಗಬಹುದು, ಮಾಡಿಸಿಕೊಳ್ಳಿ. ಇಷ್ಟೆಲ್ಲ ಅಭ್ಯಾಸ ಮಾಡಿದ ಮೇಲೂ ಬರೀ ಫೋಟೊ ನೋಡಿದರೆ ಮೈ ಬೆವರುತ್ತಿದ್ದರೆ, ನಿದ್ದೆ ಸರಿಹೋಗದಿದ್ದರೆ, ಹತ್ತಿರದ ಸೈಕಾಲಜಿಸ್ಟ್ ಒಬ್ಬರನ್ನು ನೋಡಿ. ಇಂಥ ಒಂದೇ ವಿಷಯದ ಭಯಕ್ಕೆ ವರ್ಷಗಟ್ಟಲೆ ಚಿಕಿತ್ಸೆ ಬೇಕಾಗುವುದಿಲ್ಲ, ಕೆಲವೇ ಭೇಟಿಗಳಲ್ಲಿ ಬಹಳ ಜನರಿಗೆ ಗುಣ ಕಾಣುತ್ತದೆ. ನೇತ್ರಾಣಿಗೆ ಮಳೆಗಾಲ ಬಿಟ್ಟರೆ ಮೇ ತಿಂಗಳವರೆಗೂ ದೋಣಿ ಹೋಗುತ್ತವೆ, ಅವಸರ ಬೇಡ. ಇವತ್ತು ರಾತ್ರಿ ಮನೆಯವರಿಗೆ ಹೇಳಿ, ನಾಳೆ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿ.