ವಿಂಡೋಸ್ 11ಕ್ಕೆ ಹೋಗುವುದೋ, 10ರಲ್ಲೇ ಇರುವುದೋ? ಮಂಡ್ಯದ ಡಿಟಿಪಿ ಅಂಗಡಿಯ ಮೂರು ಮಷೀನ್‌ಗಳ ಪ್ರಶ್ನೆ

ಕೇಳಿದವರು: ಡಿಟಿಪಿ ಅಂಗಡಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಅಂಗಡಿಯಲ್ಲಿ ಮೂರು ಮಷೀನ್ ಇವೆ, ಮೂರರಲ್ಲೂ ವಿಂಡೋಸ್ 10. ಒಂದನೆಯದು ಐ5-8400, 8 ಜಿಬಿ ರ್‍ಯಾಮ್. ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸಕ್ಕೆ. ಎರಡನೆಯದು ಐ3-4150, 4 ಜಿಬಿ, ಹಳೆಯ ಹಾರ್ಡ್ ಡಿಸ್ಕ್. ಕನ್ನಡ ಟೈಪಿಂಗ್‌ನ ನುಡಿ, ಪುಟವಿನ್ಯಾಸದ ಪೇಜ್‌ಮೇಕರ್ 7, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಎಲ್ಲ ಅದರಲ್ಲೇ. ಮೂರನೆಯದು ರೈಜನ್ 5 2500ಯು ಲ್ಯಾಪ್‌ಟಾಪ್. ಆನ್‌ಲೈನ್ ಅರ್ಜಿ, ಬ್ಯಾಂಕ್ ವ್ಯವಹಾರಕ್ಕೆ. ವಿಂಡೋಸ್ 11ರ 25ಎಚ್2 ಆವೃತ್ತಿ ಬಂದಿದೆ, ಹಾಕಿಸಿ ಎನ್ನುತ್ತಿದ್ದಾರೆ. ಮೂರನ್ನೂ ಬದಲಿಸಬೇಕೆ? ಮದುವೆ ಕಾರ್ಡಿನ ಕಾಲ ಹತ್ತಿರ ಬಂತು, ಎರಡು ದಿನಕ್ಕಿಂತ ಹೆಚ್ಚು ಕೆಲಸ ನಿಲ್ಲಿಸಲಾಗದು. ತಿಳಿದವರು ಹೇಳಿ.

ಕಂಪ್ಯೂಟರ್ ಸರ್ವಿಸ್, ದೇವರಾಜ ಅರಸು ರಸ್ತೆ, ಮೈಸೂರು

ಮೂರಕ್ಕೂ ಒಂದೇ ಉತ್ತರ ಇಲ್ಲ ಸರ್. ಯಾವ ಮಷೀನ್ ಏನು ಕೆಲಸ ಮಾಡುತ್ತದೆ, ಅದಕ್ಕೆ ಏನೇನು ಸಿಕ್ಕಿಸಿದೆ ಅನ್ನುವುದನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಯಾವುದನ್ನು ಮುಟ್ಟಬೇಕೆಂದು ನೋಡೋಣ.

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ. ಮಷೀನ್ ಓಡುತ್ತಲೇ ಇರುತ್ತದೆ, ಆದರೆ ಹೊಸದಾಗಿ ಕಂಡುಬಂದ ತೂತುಗಳನ್ನು ಮುಚ್ಚುವವರಿಲ್ಲ. ಹಾಗಾಗಿ ಬ್ಯಾಂಕು, ತೆರಿಗೆ, ಇಮೇಲ್ ಮುಟ್ಟುವ ಮಷೀನ್‌ಗೆ ಮೊದಲ ಆದ್ಯತೆ.

ವಿಂಡೋಸ್ 11 ಕೇಳುವುದು ಟಿಪಿಎಂ 2.0 (ಭದ್ರತಾ ಚಿಪ್ ಅಥವಾ ಅದರ ಕೆಲಸ ಮಾಡುವ ವ್ಯವಸ್ಥೆ), ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಮಷೀನ್ ಆರಂಭವಾಗುವುದು) ಮಾಡಬಲ್ಲ ಯುಇಎಫ್‌ಐ (ಹೊಸ ಮಾದರಿಯ ಬಯೋಸ್), 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಜೊತೆಗೆ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲಕ್ಕೆ. ನಿಮ್ಮ 8400 ಪಾಸ್. 4150 ನಾಲ್ಕನೇ ತಲೆಮಾರು, ಫೇಲ್. ರೈಜನ್‌ನಲ್ಲಿ ಬಹಳ ಜನ ಮೋಸ ಹೋಗುತ್ತಾರೆ: 2600 ಪಟ್ಟಿಯಲ್ಲಿದೆ, ಆದರೆ ಅದೇ 2000 ಸಾಲಿನ 2200ಜಿ, 2400ಜಿ, 2500ಯು ಇಲ್ಲ, ಯಾಕೆಂದರೆ ಅವು ಒಳಗೆ ಹಿಂದಿನ ವಿನ್ಯಾಸದವು. ನಿಮ್ಮ ಲ್ಯಾಪ್‌ಟಾಪೂ ಆ ಗುಂಪಿನದೇ.

8400ರಲ್ಲಿ ತಪಾಸಣೆ ತಂತ್ರಾಂಶ "ಟಿಪಿಎಂ ಇಲ್ಲ" ಎಂದರೆ ಗಾಬರಿ ಬೇಡ, ಚಿಪ್ ಖರೀದಿಸಲೂ ಹೋಗಬೇಡಿ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಇಂಟೆಲ್ ಪಿಟಿಟಿ ಎಂಬ ಆಯ್ಕೆ, ಅಂದರೆ ಮಷೀನ್ ಒಳಗೇ ಇರುವ ಟಿಪಿಎಂ, ಆಫ್ ಆಗಿರುತ್ತದೆ ಅಷ್ಟೆ. ಮಷೀನ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಒಳಹೋಗಿ, ಸೆಕ್ಯುರಿಟಿ ಅಥವಾ ಅಡ್ವಾನ್ಸ್ಡ್ ಭಾಗದಲ್ಲಿ ಅದನ್ನು ಆನ್ ಮಾಡಿ. ಎಎಂಡಿ ಮಷೀನ್‌ಗಳಲ್ಲಿ ಇದೇ ಆಯ್ಕೆಗೆ ಎಫ್‌ಟಿಪಿಎಂ ಎಂದು ಹೆಸರು.

ಒಂದು ಎಚ್ಚರಿಕೆ. ಅದೇ ಉತ್ಸಾಹದಲ್ಲಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಮಾಡಿಸುವ ಬಯೋಸ್ ಆಯ್ಕೆ) ಆಫ್ ಮಾಡಿಬಿಡಬೇಡಿ. ಡಿಸ್ಕಿನ ಭಾಗಗಳ ಪಟ್ಟಿ ಹಳೆಯ ಎಂಬಿಆರ್ ಮಾದರಿಯಲ್ಲಿದ್ದರೆ ವಿಂಡೋಸ್ ಬೂಟ್ ಆಗುವುದೇ ನಿಲ್ಲುತ್ತದೆ. ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ 0 ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ವಾಲ್ಯೂಮ್ಸ್ ಪುಟ ನೋಡಿ. ಹೊಸ ಮಾದರಿಯಾದ ಜಿಪಿಟಿ ಎಂದಿದ್ದರೆ ಮುಂದುವರಿಯಬಹುದು. ಎಂಬಿಆರ್ ಎಂದಿದ್ದರೆ ವಿಂಡೋಸ್ ಜೊತೆಗೇ ಬರುವ ಎಂಬಿಆರ್-ಟು-ಜಿಪಿಟಿ ಸಾಧನವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡಿಸಿ. ಮೊದಲು ವ್ಯಾಲಿಡೇಟ್ (ಪರೀಕ್ಷೆ), ಅದು ಪಾಸಾದರೆ ಮಾತ್ರ ಕನ್ವರ್ಟ್ (ಬದಲಾವಣೆ). ಅದಾದ ಮೇಲೆ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್, ಸೆಕ್ಯೂರ್ ಬೂಟ್ ಆನ್.

ಪುಸ್ತಕ ಪುಟವಿನ್ಯಾಸ, ಸರಸ್ವತಿಪುರಂ

ಎರಡನೇ ಮಷೀನ್ ಬಗ್ಗೆ ನನ್ನ ಮಾತು ಸ್ಪಷ್ಟ: ಅದರ ವಿಂಡೋಸ್ ಮುಟ್ಟಬೇಡಿ. ನುಡಿ ಮತ್ತು ಪೇಜ್‌ಮೇಕರ್ ಸರಿಯಾಗಿ ಹೊಂದಿಕೊಂಡಿರುವ ಮಷೀನ್ ಅಂಗಡಿಯ ಆಸ್ತಿ. ಇಂಟರ್‌ನೆಟ್ ತಂತಿ ತೆಗೆದುಬಿಡಿ, ವಿಂಡೋಸ್ 10ರಲ್ಲೇ ಇರಲಿ. 240 ಜಿಬಿ ಸಾಟಾ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್ ಹಾಕಿಸಿ, ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೇ ಎಸ್‌ಎಸ್‌ಡಿಗೆ ನಕಲು (ಕ್ಲೋನ್) ಮಾಡಿಸಿ. ಆ ಮಷೀನ್ ಕಾಣುವ ಬದಲಾವಣೆ ಯಾವ ಹೊಸ ವಿಂಡೋಸ್‌ನಿಂದಲೂ ಬರದು.

ತಂತಿ ತೆಗೆದರೂ ಪೆನ್ ಡ್ರೈವ್ ಬರುತ್ತದಲ್ಲ, ರೋಗ ಬರುವುದೂ ಅದರಲ್ಲೇ. ಸಿಕ್ಕಿಸಿದ ಕೂಡಲೇ ಪೆನ್ ಡ್ರೈವ್ ತೆರೆಯುವ ಆಟೋಪ್ಲೇ ಆಫ್ ಮಾಡಿ. ಗಿರಾಕಿಯ ಪೆನ್ ಡ್ರೈವನ್ನು ಮೊದಲು ಅಪ್‌ಡೇಟ್ ಇರುವ ಮಷೀನ್‌ನಲ್ಲಿ ಸ್ಕ್ಯಾನ್ ಮಾಡಿ, ಬೇಕಾದ ಕಡತವನ್ನಷ್ಟೇ ಅಂಗಡಿಯ ಸ್ವಂತ ಪೆನ್ ಡ್ರೈವ್‌ಗೆ ಹಾಕಿಕೊಂಡು ಇಲ್ಲಿಗೆ ತನ್ನಿ.

ಮುಂದೆಂದಾದರೂ ಈ ಕೆಲಸವನ್ನು ವಿಂಡೋಸ್ 11ಕ್ಕೆ ಸಾಗಿಸುವಾಗ ಎಡವುವ ಜಾಗಗಳು ಇವು.

ನುಡಿಯ ಹಳೆಯ ಕಡತಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. "ನುಡಿ 01 ಇ" ಥರದ ಫಾಂಟ್ ಇಲ್ಲದಿದ್ದರೆ ಪುಟ ತುಂಬ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಸಿ ಡ್ರೈವಿನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿ ನಕಲು ಮಾಡಿ ಇಟ್ಟುಕೊಳ್ಳಿ. ಹೊಸದರಲ್ಲಿ ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಹಾಕಿದರೆ ಅದು ಆ ಒಬ್ಬ ಬಳಕೆದಾರನಿಗೆ ಮಾತ್ರ ಸೇರುತ್ತದೆ; ಕೆಲವು ಹಳೆಯ ತಂತ್ರಾಂಶಗಳಿಗೆ ಅದು ಕಾಣುವುದೇ ಇಲ್ಲ. ಬಲ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಆರಿಸಿ.

ನುಡಿ ಆನ್ ಇದ್ದರೂ ಪೇಜ್‌ಮೇಕರ್‌ನಲ್ಲಿ ಇಂಗ್ಲಿಷೇ ಬೀಳುತ್ತದೆ ಎಂಬ ದೂರು ಸಾಮಾನ್ಯ. ಪೇಜ್‌ಮೇಕರನ್ನು "ರನ್ ಆಸ್ ಅಡ್ಮಿನಿಸ್ಟ್ರೇಟರ್" ಎಂದು ತೆರೆದಿರುತ್ತಾರೆ, ನುಡಿಯನ್ನು ಸಾದಾ ತೆರೆದಿರುತ್ತಾರೆ. ಕೆಳ ಅಧಿಕಾರದ ತಂತ್ರಾಂಶ ಮೇಲಿನದರ ಕೀಲಿಗಳನ್ನು ಹಿಡಿಯಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ರೀತಿ ತೆರೆದರೆ ಸರಿಹೋಗುತ್ತದೆ.

ತುಂಗಾ ಫಾಂಟ್‌ನಲ್ಲಿ ಮಾಡಿದ ವರ್ಡ್ ಕಡತಗಳ ಸಾಲುಗಳು ಜಾರಿದರೆ, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಪೂರಕ ಫಾಂಟ್‌ಗಳನ್ನು ಸೇರಿಸಿ. ವಿಂಡೋಸ್ 10ರಿಂದೀಚೆಗೆ ತುಂಗಾ ತಾನಾಗಿ ಬರುವುದಿಲ್ಲ, ಆ ಜಾಗದಲ್ಲಿ ನಿರ್ಮಲಾ ಇದೆ. ವಿಂಡೋಸ್‌ನದೇ ಕನ್ನಡ ಫೊನೆಟಿಕ್ ಕೀಲಿಮಣೆ ಚೆನ್ನಾಗಿದೆ, ಆದರೆ ಅದು ನುಡಿಯಲ್ಲಿ ಬಳಸುವ ಕಗಪ ಎಂಬ ಕೀಲಿ ವಿನ್ಯಾಸವಲ್ಲ. ಕಗಪದಲ್ಲಿ ಕೈ ಪಳಗಿದವರಿಗೆ ವೇಗ ಬೀಳುತ್ತದೆ.

ಲೆಕ್ಕಪತ್ರ ಮತ್ತು ಜಿಎಸ್‌ಟಿ, ಮದ್ದೂರು

ಒಂದನೇ ಮಷೀನ್‌ಗೆ ದಿನ ನೋಡಿ ಕೈ ಹಾಕಿ. ತಿಂಗಳ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಮಾರಾಟದ ವಿವರದ ಜಿಎಸ್‌ಟಿಆರ್-1ಕ್ಕೆ 11 ಕೊನೆಯ ದಿನ, ತೆರಿಗೆ ಕಟ್ಟುವ 3ಬಿಗೆ 20. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಕರ್ನಾಟಕದಲ್ಲಿ 3ಬಿ 22ಕ್ಕೆ. 23ರ ನಂತರದ ಶನಿವಾರ ಸಂಜೆ ಶುರುಮಾಡಿದರೆ ಭಾನುವಾರ ಪೂರ್ತಿ ಕೈಯಲ್ಲಿರುತ್ತದೆ.

ಟ್ಯಾಲಿಯಲ್ಲಿ ಎರಡು ಕೆಲಸ. ಡೇಟಾ ಫೋಲ್ಡರ್ ಎಲ್ಲಿದೆ ಎಂದು ಕಂಪನಿ ತೆರೆಯುವ ಪರದೆಯಲ್ಲೇ ನೋಡಿ, ಅದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಟ್ಯಾಲಿಯದೇ ಬ್ಯಾಕಪ್ಪನ್ನೂ ತೆಗೆಯಿರಿ. ಫಾರ್ಮ್ಯಾಟ್ ಮಾಡುವುದಿದ್ದರೆ ಮೊದಲೇ ಎಫ್1 ಒತ್ತಿ ಲೈಸೆನ್ಸ್ ಭಾಗದಲ್ಲಿ ಸರೆಂಡರ್ ಮಾಡಿ, ಅಂದರೆ ಲೈಸೆನ್ಸನ್ನು ಆ ಮಷೀನ್‌ನಿಂದ ಬಿಡಿಸಿ. ಮರೆತರೆ ಹೊಸದರಲ್ಲಿ ಆಕ್ಟಿವೇಟ್ ಮಾಡಲು ತೊಡಕು. ಸೀರಿಯಲ್ ನಂಬರ್, ನೋಂದಾಯಿಸಿದ ಇಮೇಲ್‌ನ ಪಾಸ್‌ವರ್ಡ್ ಎರಡೂ ಮುಂದೆ ಇರಲಿ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ವಿಂಡೋಸ್ 11ಕ್ಕೆ ಹೊಂದುವ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಜಿಎಸ್‌ಟಿ ತಾಣದಲ್ಲಿ ಸಹಿ ಹಾಕಲು ಎಂಸೈನರ್ ತಂತ್ರಾಂಶ ಕೂಡ ಬೇಕು. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಆಯ್ಕೆ ಆನ್ ಆಗಿರಬಹುದು. ಹಳೆಯ ಡ್ರೈವರ್ ಅದಕ್ಕೆ ಹೊಂದದಿದ್ದರೆ ಲೋಡ್ ಆಗುವುದಿಲ್ಲ. ಅದನ್ನು ಆಫ್ ಮಾಡುವುದಕ್ಕಿಂತ ಹೊಸ ಡ್ರೈವರ್ ಹುಡುಕುವುದೇ ಸರಿ. ಟೋಕನ್ ಕಾಣುತ್ತಿಲ್ಲವೆಂದು ಪದೇಪದೇ ಪಾಸ್‌ವರ್ಡ್ ಹೊಡೆಯಬೇಡಿ, ಟೋಕನ್ನೇ ಲಾಕ್ ಆಗುತ್ತದೆ.

ಕೇಳಿದವರು

ತುಂಬ ಉಪಕಾರವಾಯಿತು. 8400ರಲ್ಲಿ ವ್ಯಾಲಿಡೇಟ್ ಹಂತ ಫೇಲ್ ಎಂದು ಬರುತ್ತಿದೆ. ಸಿ, ಡಿ, ಇ ಎಂದು ಮೂರು ಡ್ರೈವ್ ಇವೆ. ಇನ್ನು ಲ್ಯಾಪ್‌ಟಾಪ್ ಬಗ್ಗೆ ಯಾರೂ ಹೇಳಲಿಲ್ಲ.

ಕಂಪ್ಯೂಟರ್ ಸರ್ವಿಸ್, ದೇವರಾಜ ಅರಸು ರಸ್ತೆ

ಡಿ, ಇ ಎರಡೂ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಹಲವು ಡ್ರೈವ್‌ಗಳನ್ನು ಒಳಗಿಟ್ಟುಕೊಂಡ ಡಿಸ್ಕ್ ಭಾಗ) ಒಳಗಿನ ಲಾಜಿಕಲ್ ಡ್ರೈವ್‌ಗಳಿರಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅವುಗಳ ಸುತ್ತ ಹಸಿರು ಚೌಕಟ್ಟು ಕಾಣುತ್ತದೆಯೇ ನೋಡಿ. ಎಂಬಿಆರ್-ಟು-ಜಿಪಿಟಿ ಸಾಧನ ಎಕ್ಸ್‌ಟೆಂಡೆಡ್ ಒಪ್ಪುವುದಿಲ್ಲ, ಮೂರಕ್ಕಿಂತ ಹೆಚ್ಚು ಪ್ರೈಮರಿ (ಮುಖ್ಯ) ಪಾರ್ಟಿಷನ್ನೂ ಒಪ್ಪುವುದಿಲ್ಲ. ಡಿ, ಇಗಳಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ತೆಗೆದು, ನಾಲ್ಕೈದು ಕಡತ ತೆರೆದು ನೋಡಿ ಖಾತರಿಯಾದ ಮೇಲೆ ಎರಡನ್ನೂ ಅಳಿಸಿ, ಎಕ್ಸ್‌ಟೆಂಡೆಡನ್ನೂ ಅಳಿಸಿ, ಮತ್ತೆ ವ್ಯಾಲಿಡೇಟ್ ಮಾಡಿ. ಕನ್ವರ್ಟ್ ಆದ ಮೇಲೆ ಡಿ ಡ್ರೈವ್ ಹೊಸದಾಗಿ ಮಾಡಿಕೊಳ್ಳಬಹುದು. ಸಿ ಡ್ರೈವಿನಲ್ಲಿ 30 ಜಿಬಿಯಾದರೂ ಖಾಲಿ ಇರಲಿ.

ಕಾಲೇಜು ಕಂಪ್ಯೂಟರ್ ಲ್ಯಾಬ್ ನಿರ್ವಹಣೆ, ಮೈಸೂರು

ಲ್ಯಾಪ್‌ಟಾಪ್‌ಗೆ ಇಎಸ್‌ಯು ಎಂಬ ವಿಸ್ತರಿತ ಅಪ್‌ಡೇಟ್ ಯೋಜನೆಗೆ ಸೇರಿಸಿ. 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ವಿಂಡೋಸ್ 10ರ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಇರುತ್ತದೆ. ಸೆಟ್ಟಿಂಗ್ಸ್ ಬ್ಯಾಕಪ್ ಸಿಂಕ್ ಮಾಡಿದರೆ ಹಣ ಕೊಡಬೇಕಿಲ್ಲ. ಒಂದೇ ಖಾತೆಯಲ್ಲಿ 10 ಸಾಧನಗಳವರೆಗೆ ನಡೆಯುತ್ತದೆ, ಹಾಗಾಗಿ ಆ ಐ3ಯನ್ನೂ ಸೇರಿಸಿ ಬಿಡಿ. ತಂತಿಯನ್ನು ಆಗೊಮ್ಮೆ ಈಗೊಮ್ಮೆ ಅಪ್‌ಡೇಟ್‌ಗಷ್ಟೇ ಸಿಕ್ಕಿಸಿದರೆ ಸಾಕು.

"ಅರ್ಹತಾ ತಪಾಸಣೆ ಬೈಪಾಸ್ ಮಾಡಿ 11 ಹಾಕಿಕೊಡ್ತೀವಿ" ಎನ್ನುವವರು ಸಿಗುತ್ತಾರೆ. ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಅಂಥ ಮಷೀನ್‌ಗೆ ತಾನಾಗಿ ಬರುವುದಿಲ್ಲ, ಪ್ರತಿ ಸಲ ಕೈಯಾರೆ ಹಾಕಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೆಂಬಲ 2026ರ ಅಕ್ಟೋಬರ್ 13ಕ್ಕೆ, 25ಎಚ್2ಗೆ 2027ರ ಅಕ್ಟೋಬರ್ 12ಕ್ಕೆ ಮುಗಿಯುತ್ತದೆ. ಬ್ಯಾಂಕ್ ವ್ಯವಹಾರದ ಲ್ಯಾಪ್‌ಟಾಪ್‌ಗೆ ಆ ದಾರಿ ಬೇಡ. ಕೋರ್ 2 ಡ್ಯುಯೋ ಕಾಲದ ಮಷೀನ್‌ಗಳಲ್ಲಂತೂ 24ಎಚ್2ರಿಂದ ಮುಂದಿನವು ಬೂಟ್ ಕೂಡ ಆಗುವುದಿಲ್ಲ.

ಇಎಸ್‌ಯು ಮುಗಿದ ಮೇಲೆ ಅದೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಬಹುದು. ಬ್ರೌಸರ್ ಕೆಲಸಕ್ಕೆ ಸಾಕು, ಐಬಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಕಗಪ ಕೀಲಿಮಣೆಯೂ ಸಿಗುತ್ತದೆ. ಬೆರಳ ಗುರುತು (ಫಿಂಗರ್‌ಪ್ರಿಂಟ್) ಓದುವ ಸಾಧನ ಸಿಕ್ಕಿಸುವುದಿದ್ದರೆ ಅದರ ಡ್ರೈವರ್ ಲಿನಕ್ಸ್‌ಗೆ ಇದೆಯೇ ಎಂದು ಮೊದಲು ನೋಡಿ.

ಕಂಪ್ಯೂಟರ್ ಸರ್ವಿಸ್, ದೇವರಾಜ ಅರಸು ರಸ್ತೆ

8400ಕ್ಕೆ ಕೊನೆಯ ಮೂರು ಮಾತು. ಅಪ್‌ಗ್ರೇಡ್ ಆದ ಮೇಲೆ ವಿಂಡೋಸ್ 10ಕ್ಕೆ ಹಿಂದಕ್ಕೆ ಹೋಗಲು 10 ದಿನ ಮಾತ್ರ ಅವಕಾಶ. ಅಪ್‌ಗ್ರೇಡ್ ಆದ ದಿನವೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಐಎಸ್‌ಎಂ ಎಂಬ ಆದೇಶದಿಂದ ಅದನ್ನು 60 ದಿನಕ್ಕೆ ಏರಿಸಿ, ಒಂದು 3ಬಿ ಸಲ್ಲಿಕೆ ಮುಗಿಯುವವರೆಗೆ ಡಿಸ್ಕ್ ಕ್ಲೀನಪ್ ಮುಟ್ಟಬೇಡಿ.

ಡಿಸ್ಕಿನ ಡೇಟಾಗೆ ಬೀಗ ಹಾಕುವ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿ. ಆಗಿದ್ದರೆ 48 ಅಂಕಿಯ ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಬಯೋಸ್ ಬದಲಾದಾಗ ಅದನ್ನು ಕೇಳಬಹುದು, ಇಲ್ಲದಿದ್ದರೆ ಡೇಟಾ ತೆರೆಯಲಾಗದು.

ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಬ್ಯಾಟರಿ ಹಿಂದಿನ ದಿನವೇ ಪರೀಕ್ಷಿಸಿ: ಮಷೀನ್ ಮತ್ತು ಮಾನಿಟರ್ ಮಾತ್ರ ಹಾಕಿ ಪ್ಲಗ್ ಕಿತ್ತು 15 ನಿಮಿಷ ನಿಲ್ಲುತ್ತದೆಯೇ ನೋಡಿ. ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ ಆಮೇಲೆ ಶುರುಮಾಡಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಲೇಬೇಡಿ.