‘ಕಸ್ಟಡಿ’ ಅಂದರೆ ಮಗುವನ್ನು ಹಿಡಿದಿಡುವುದಾ? ಕೆಲವು ಕೋರ್ಟು ಪದಗಳ ಬಗ್ಗೆ

ಗಡಿನಾಡಿನ ಕನ್ನಡ ಪದಗಳ ಚರ್ಚೆಗೆ ಸೇರಿದ ಎಲ್ಲರಿಗೂ ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ. ಈಗ ಊರವರಿಗೆ ಅರ್ಜಿ ಬರೆದುಕೊಡುವುದು, ಮಲಯಾಳದ ಕಾಗದ ಓದಿ ಹೇಳುವುದು ನನ್ನ ಕೆಲಸದ ಹಾಗೆ ಆಗಿಬಿಟ್ಟಿದೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಬಸಳೆಯೋ ಬಾಳೆಕಾಯಿಯೋ ಬರುತ್ತದೆ.

ಕಳೆದ ತಿಂಗಳು ಬೀಡಿ ಕಟ್ಟುವ ಒಬ್ಬ ಹುಡುಗಿ ಬಂದಳು. ಸೊಂಟದಲ್ಲಿ ನಾಲ್ಕು ವರ್ಷದ ಮಗು. ಮನೆಮಾತು ತುಳು, ಓದಿದ್ದು ಕನ್ನಡ, ಕೈಯಲ್ಲಿದ್ದ ಕಾಗದ ಮಲಯಾಳ. “ಟೀಚರೇ, ಇದರಲ್ಲಿ ಕಸ್ಟಡಿ ಅಂತ ಬರೆದಿದೆಯಂತೆ. ಮಗುವನ್ನು ಪೊಲೀಸರು ಕರಕೊಂಡು ಹೋಗ್ತಾರಾ?” ಎಂದಳು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಪಾಪ, ಅವಳ ತಪ್ಪೇನು? ಆ ಪದವನ್ನು ಅವಳು ಕೇಳಿದ್ದು ‘ಆರೋಪಿ ಪೊಲೀಸ್ ಕಸ್ಟಡಿಗೆ’ ಎಂಬ ಸುದ್ದಿಯಲ್ಲಿ ಮಾತ್ರ. ಕಾಗದದಲ್ಲಿ ಇದ್ದದ್ದು ಇಷ್ಟೇ: ಮಗು ತನ್ನ ಹತ್ತಿರ ಇರಬೇಕು ಎಂದು ಗಂಡ ಕುಟುಂಬ ಕೋರ್ಟಿನಲ್ಲಿ ಅರ್ಜಿ ಹಾಕಿದ್ದ.

ಆ ದಿನದಿಂದ ಒಂದು ಸಣ್ಣ ಕರಪತ್ರ ಬರೆಯಲು ಕೂತಿದ್ದೇನೆ. ಕೂಲಿ ಮಾಡುವ ಅಪ್ಪ ಅಮ್ಮಂದಿರು ಯಾರ ಸಹಾಯವೂ ಇಲ್ಲದೆ ಓದುವ ಹಾಗಿರಬೇಕು. ಕಾನೂನು ಅಷ್ಟೇನೂ ಕಷ್ಟ ಅನ್ನಿಸಲಿಲ್ಲ. ಪದಗಳೇ ಕಾಟ ಕೊಡುತ್ತಿವೆ.

ಮೊದಲು ಕಸ್ಟಡಿಯನ್ನೇ ನೋಡಿ. ಕಾನೂನಿನ ಕನ್ನಡದಲ್ಲಿ ‘ಅಭಿರಕ್ಷೆ’ ಎನ್ನುತ್ತಾರೆ. ಅವಳಿಗೆ ಹೇಳಿದೆ, ಸುಮ್ನೆ ನನ್ನ ಮುಖ ನೋಡಿದಳು. ‘ವಶ’ ಎಂದರೆ ಗಾಂಜಾ ವಶ, ಮರಳು ಲಾರಿ ವಶ. ‘ಸುಪರ್ದಿ’ಯೂ ಸಾಮಾನು ಒಪ್ಪಿಸುವ ಮಾತೇ. ‘ಪಾಲನೆ’ ಕಿವಿಗೆ ಹಿತವಾಗಿದೆ, ಆದರೆ ದೂರದಲ್ಲಿದ್ದು ಖರ್ಚು ಕೊಡುವ ಅಪ್ಪ ಮಾಡುವುದೂ ಪಾಲನೆಯೇ ಅಲ್ವಾ? ಇಲ್ಲಿ ಪ್ರಶ್ನೆ ಇರುವುದು ಮಗು ಯಾರ ಒಟ್ಟಿಗೆ ಇರಬೇಕು, ಅಷ್ಟೇ. ಸದ್ಯಕ್ಕೆ ಕರಡಿನಲ್ಲಿ ‘ಮಗು ಯಾರೊಟ್ಟಿಗೆ’ ಎಂದೇ ತಲೆಬರಹ ಹಾಕಿದ್ದೇನೆ. ಅದರ ಕೆಳಗೆ: ಹಿಂದೂಗಳಿಗೆ 1956ರ ಕಾನೂನಿನ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಒಟ್ಟಿಗೆ, ಯಾವ ಧರ್ಮದವರೇ ಆದರೂ 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯಿದೆಯಲ್ಲಿ ಅರ್ಜಿ ಹಾಕಬಹುದು, ಕೋರ್ಟು ನೋಡುವುದು ಮಗುವಿನ ಒಳಿತನ್ನು, ಮಗು ದೊಡ್ಡದಾಗಿ ತಿಳುವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ಕೇಳಬಹುದು. ‘ಸಾಮಾನ್ಯವಾಗಿ’ ಎಂಬುದನ್ನು ಬಿಡಬೇಡಿ ಎಂದು ವಕೀಲರೊಬ್ಬರು ಎರಡು ಸಲ ಹೇಳಿದರು. ಅದು ಯಾವಾಗಲೂ ಅಲ್ಲ.

ಕಸ್ಟಡಿ ಬೇರೆ, ಗಾರ್ಡಿಯನ್ ಬೇರೆ. ಮಗು ಅಮ್ಮನ ಮನೆಯಲ್ಲಿದ್ದರೂ ಬ್ಯಾಂಕಿನ ಕಾಗದಕ್ಕೆ ಗಾರ್ಡಿಯನ್ ಅಂತ ಸಹಿ ಯಾರದು ಎಂಬ ಪ್ರಶ್ನೆ ಹಾಗೇ ಉಳಿಯಬಹುದು. ಈ ಗಾರ್ಡಿಯನ್‌ಗೆ ಮಲಯಾಳದ ಫಾರಂಗಳಲ್ಲಿ ‘ರಕ್ಷಿತಾವ್’ ಎಂದಿರುತ್ತದೆ. ಕನ್ನಡ ಕಲಿತವರಿಗೆ ‘ರಕ್ಷಿತ’ ಎಂದರೆ ಕಾಪಾಡಲ್ಪಟ್ಟವನು, ಅಂದರೆ ಮಗು. ಅವರ ‘ರಕ್ಷಿತಾವ್’ ಕಾಪಾಡುವವನು. ಸಂಸ್ಕೃತದ ಪ್ರಕಾರ ಎರಡೂ ಸರಿ. ಆದರೆ ಆ ಕಾಲಂನಲ್ಲಿ ಮಗುವಿನ ಹೆಸರು ಬರೆದ ತಾಯಂದಿರನ್ನು ನಾನೇ ನೋಡಿದ್ದೇನೆ. ಇತ್ತ ನಮ್ಮ ‘ಪೋಷಕರು’ ಶಾಲೆಯ ಸಭೆಗೆ ಬರುವ ಯಾರಾದರೂ ಆಗಿಬಿಟ್ಟಿದ್ದಾರೆ!

ಇಲ್ಲಿ ನಿಮಗೆಲ್ಲ ಇಷ್ಟವಾಗುವ ಒಂದು ಸಂಗತಿ ಇದೆ. ಅದೇ 1956ರ ಕಾನೂನಿನ ಆರನೇ ಕಲಂ ಮಗುವಿನ ಸಹಜ ಗಾರ್ಡಿಯನ್ ಯಾರು ಎಂದು ಹೇಳುತ್ತದೆ: ‘ತಂದೆ, ಅವನ ನಂತರ ತಾಯಿ’. ಇಂಗ್ಲಿಷಿನಲ್ಲಿ ‘ಆಫ್ಟರ್’. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ಅಪ್ಪನ ಸಹಿ ಬೇಕು ಎಂದರು. ಸುಪ್ರೀಂ ಕೋರ್ಟಿನ ತನಕ ಹೋಯಿತು. ಆ ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದೇ ಅರ್ಥ ಮಾಡಬೇಕಿಲ್ಲ, ತಂದೆ ಮಗುವನ್ನು ನೋಡಿಕೊಳ್ಳುತ್ತಿಲ್ಲದಾಗ ಎಂದೂ ಆಗುತ್ತದೆ ಎಂದು 1999ರಲ್ಲಿ ಕೋರ್ಟು ಹೇಳಿತು. ಒಂದು ಅವ್ಯಯಕ್ಕೆ ಅರ್ಥ ಹೇಳಲು ಸುಪ್ರೀಂ ಕೋರ್ಟೇ ಕೂತಿತ್ತು ನೋಡಿ. ನಮ್ಮ ಪದಚರ್ಚೆಗೂ ಅಷ್ಟು ಗೌರವ ಸಿಕ್ಕರೆ ಸಾಕಿತ್ತು!

ಹಾಗಾದರೆ ಕನ್ನಡದಲ್ಲಿ ಏನು ಬರೆಯುವುದು? ‘ಯಜಮಾನರ ನಂತರ ಈ ತೋಟ ಯಾರದು’ ಎಂದು ನಮ್ಮೂರಲ್ಲಿ ಕೇಳಿದರೆ ಯಜಮಾನರು ತೀರಿಕೊಂಡ ಮೇಲೆ ಎಂದೇ ಅರ್ಥ. ‘ತರುವಾಯ’, ‘ಬಳಿಕ’ ಹಾಕಿದರೂ ಅದೇ ಕತೆ. ಇಂಗ್ಲಿಷಿನಲ್ಲಿ ಕೋರ್ಟು ತೆರೆದ ಬಾಗಿಲನ್ನು ನಾವು ಕನ್ನಡದಲ್ಲಿ ಮತ್ತೆ ಮುಚ್ಚುತ್ತೇವೆ. ನಾನು ‘ಅಪ್ಪ ನೋಡಿಕೊಳ್ಳದೆ ಇರುವಾಗ ಅಮ್ಮ’ ಎಂದು ಬರೆದೆ. ಮೂಲದಿಂದ ದೂರ ಹೋಯಿತು ಎಂದು ಬೈಯುವವರು ಬೈಯಿರಿ.

ಇನ್ನು ‘ಜೀವನಾಂಶ’. ಇದು ಮಲಯಾಳ, ತಮಿಳುಗಳಲ್ಲೂ ಅದೇ ಪದ. ಹಾಗಾಗಿ ನೆಮ್ಮದಿ ಎಂದುಕೊಂಡಿದ್ದೆ. ಹುಡುಗಿಯ ಮಾವ, ಅವಳ ತಾಯಿಯ ತಮ್ಮ, ಮರುದಿನ ಬಂದು ನೆಮ್ಮದಿ ಕೆಡಿಸಿದರು. “ಅಂಶ ತಗೊಂಡರೆ ಮುಗೀತು ಟೀಚರೇ, ಮತ್ತೆ ಮಗುವಿಗೆ ಅಪ್ಪನ ಆಸ್ತಿಯಲ್ಲಿ ಪಾಲು ಕೇಳುವ ಹಾಗಿಲ್ಲ” ಎಂದರು. ಅಂಶ ಎಂದರೆ ಪಾಲು, ಪಾಲು ತೆಗೆದುಕೊಂಡ ಮೇಲೆ ಲೆಕ್ಕ ಚುಕ್ತಾ. ಪದದ ಪ್ರಕಾರ ಅವರ ತರ್ಕ ಸರಿಯಾಗಿದೆ, ಕಾನೂನಿನ ಪ್ರಕಾರ ತಪ್ಪು. ತಿಂಗಳ ಖರ್ಚು ಪಡೆದ ಮಾತ್ರಕ್ಕೆ ಮಗುವಿನ ಆಸ್ತಿಯ ಹಕ್ಕು ಹೋಗುವುದಿಲ್ಲ. ‘ಡೈವೋರ್ಸ್ ಆದವರಿಗೆ ಮಾತ್ರ ಜೀವನಾಂಶ’ ಎಂಬುದು ಇನ್ನೊಂದು ತಪ್ಪು ತಿಳುವಳಿಕೆ. ಡೈವೋರ್ಸ್ ಬೇಕಾಗಿಲ್ಲ. ಮದುವೆಯೇ ಆಗದಿದ್ದರೂ ಹುಟ್ಟಿದ ಮಗುವಿಗೆ ಅಪ್ಪನಿಂದ ಖರ್ಚು ಕೇಳುವ ಹಕ್ಕಿದೆ. ಅಂಥ ಮಗುವನ್ನು ಕನ್ನಡದಲ್ಲಿ ‘ಅಕ್ರಮ ಸಂತಾನ’ ಎನ್ನುವುದುಂಟು. ಅದನ್ನು ನಾನು ಬರೆಯುವುದಿಲ್ಲ. ಮಗು ಯಾವ ಅಕ್ರಮ ಮಾಡಿದೆ?

ಜನರ ಬಾಯಲ್ಲಿ ಇರುವುದು ‘ಖರ್ಚಿಗೆ ಕೊಡುವುದು’. ತುಳುವಿನಲ್ಲಿ ‘ಖರ್ಚಿಗ್ ಕೊರ್ಪುಜೆ’ (ಖರ್ಚಿಗೆ ಕೊಡುವುದಿಲ್ಲ) ಎಂದಳು ಆ ಹುಡುಗಿ. ಮಲಯಾಳದವರು ‘ಚೆಲವಿನ್ ಕೊಡುಕ್ಕುಕ’ ಎನ್ನುತ್ತಾರೆ, ಅದೂ ಇದೇ. ಕರಪತ್ರದಲ್ಲಿ ‘ಮಗುವಿನ ಖರ್ಚು’ ಎಂದು ಬರೆದು, ಅರ್ಜಿಯಲ್ಲಿ ಇದಕ್ಕೆ ‘ಜೀವನಾಂಶ’ ಎನ್ನುತ್ತಾರೆ ಎಂದು ಒಂದು ಸಾಲು ಸೇರಿಸುವುದು ನನ್ನ ಯೋಚನೆ. ಕೋರ್ಟಿಗೆ ಗೊತ್ತಿರುವ ಪದವನ್ನು ಬಚ್ಚಿಡುವುದೂ ಸರಿಯಲ್ಲ. ಹಾಗೆಯೇ ಈ ಖರ್ಚು ಕೇಳುವ ಅರ್ಜಿಗೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನಿಂದ ಬಂದ ‘ನೂರಿಪ್ಪತ್ತೈದು’ ಎಂಬ ಹೆಸರು ಈಗಲೂ ಓಡುತ್ತಿದೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ‘ಐನೂರು ರೂಪಾಯಿಗಿಂತ ಜಾಸ್ತಿ ಸಿಗಲ್ಲ’ ಎನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ, ಹಳೆಯದನ್ನು ಹೇಳುತ್ತಿದ್ದಾರೆ. ಆ ಮಿತಿ 2001ರಲ್ಲೇ ಹೋಯಿತು.

ಅದೇ ಕಲಂನಲ್ಲಿ ‘ಸಾಕಷ್ಟು ಮೀನ್ಸ್ ಇರುವವನು’ ಕೊಡಬೇಕು ಎಂದಿದೆ. ಮೀನ್ಸ್ ಎಂಬುದಕ್ಕೆ ‘ಆದಾಯ’ ಎಂದು ಬರೆದರೆ, ಕೆಲಸ ಇಲ್ಲದ ಗಂಡ ಪಾರಾದ ಹಾಗೆ ಕೇಳುತ್ತದೆ. ಕೋರ್ಟುಗಳು ಹಾಗೆ ಓದುವುದಿಲ್ಲ. ಮೈ ಗಟ್ಟಿ ಇದ್ದವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ‘ದುಡಿಯುವ ತ್ರಾಣ’ ಎಂದರೆ ಹೇಗೆ? ಅಪ್ಪಂದಿರ ಕಷ್ಟವೂ ಇದೆ. ಗಲ್ಫಿನ ಕೆಲಸ ಹೋಗಿ ಊರಿಗೆ ಬಂದವರು ಅದೇ ಮೊತ್ತ ಕೊಡಲಾಗದೆ ಒದ್ದಾಡುತ್ತಾರೆ. ಅವರು ಸುಮ್ಮನೆ ಕೂರದೆ, ಮೊತ್ತ ಬದಲಿಸಿ ಎಂದು 146ನೇ ಕಲಂ ಅಡಿಯಲ್ಲಿ ಕೇಳಬೇಕು. ಕೇಳದೆ ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ. ಒಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೂ ಜೈಲು ಆಗಬಹುದು, ಜೈಲಿಗೆ ಹೋದರೂ ಬಾಕಿ ತೀರುವುದಿಲ್ಲ. ಅದಕ್ಕೇ ಇಲ್ಲಿ ‘ಶಿಕ್ಷೆ’ ಎಂಬ ಪದ ಹಾಕಲು ನನಗೆ ಹಿಂಜರಿಕೆ. ಶಿಕ್ಷೆ ಎಂದರೆ ಅನುಭವಿಸಿ ಮುಗಿಸುವುದು ಎಂದು ಜನ ತಿಳಿಯುತ್ತಾರೆ. ಇದು ಕೊಡಿಸಲು ಹಾಕುವ ಒತ್ತಡ. ಅಂದ ಹಾಗೆ, ಬಾಕಿ ವಸೂಲಿಗೆ ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು. ಇದನ್ನು ಮರೆತು ಕಳಕೊಂಡವರು ಇದ್ದಾರೆ.

ಕೊನೆಗೆ, ನನ್ನನ್ನು ನಗಿಸಿದ ಬೋರ್ಡು: ‘ಸೌಜನ್ಯ ನಿಯಮ ಸಹಾಯಂ’. ಮಲಯಾಳದಲ್ಲಿ ಸೌಜನ್ಯ ಎಂದರೆ ಉಚಿತ, ನಿಯಮ ಎಂದರೆ ಕಾನೂನು. ಅಂದರೆ ಪುಕ್ಕಟೆ ವಕೀಲರ ನೆರವು. ನಮ್ಮವರು ಓದಿಕೊಳ್ಳುವುದು ಮರ್ಯಾದೆಯಿಂದ ನಿಯಮ ಹೇಳಿಕೊಡುತ್ತಾರೆ ಎಂದು. ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ 1987ರ ಕಾಯಿದೆ ಈ ನೆರವು ಕೊಡುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಆ ಹುಡುಗಿ ಎಷ್ಟೋ ಸಲ ಆ ಬೋರ್ಡಿನ ಕೆಳಗೇ ಬಸ್ಸಿಗೆ ಕಾದಿದ್ದಳಂತೆ. ‘ವಿಧಿ’ಯೂ ಹಾಗೆಯೇ. ಅವರಿಗೆ ತೀರ್ಪು, ನಮಗೆ ಹಣೆಬರಹ. ‘ವಿಧಿ ಬಂತು’ ಎಂದರೆ ನಮ್ಮ ಹೆಂಗಸರು ಅಳಲು ಶುರುಮಾಡುತ್ತಾರೆ, ಗೆದ್ದಿದ್ದರೂ!

ಈಗ ನಿಮ್ಮನ್ನು ಕೇಳುವುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರೇ, ಜೀವನಾಂಶಕ್ಕೆ ಮರಾಠಿಯಲ್ಲಿ ಹೇಳುವ ‘ಪೋಟಗಿ’ ನಿಮ್ಮ ಕನ್ನಡದಲ್ಲೂ ನಡೆಯುತ್ತದೆಯೇ? ‘ಪೋಟ’ ಎಂದರೆ ಹೊಟ್ಟೆ; ಹೊಟ್ಟೆಯ ಮಾತು ಅದರಲ್ಲೇ ಇದೆ, ನನಗೆ ಬಹಳ ಹಿಡಿಸಿತು. ಆಂಧ್ರದ ಗಡಿಯವರು ತೆಲುಗಿನ ‘ಮನೋವರ್ತಿ’, ‘ಭರಣಂ’ ಬಳಸುತ್ತೀರಾ? ತಮಿಳುನಾಡಿನ ಹೊಸೂರು, ತಾಳವಾಡಿಯವರು ಏನೆನ್ನುತ್ತೀರಿ? ಬೇರೆ ಇರುವ ಅಪ್ಪನೋ ಅಮ್ಮನೋ ವಾರಕ್ಕೊಮ್ಮೆ ಮಗುವನ್ನು ನೋಡಲು ಬರುವುದಕ್ಕೆ ‘ಭೇಟಿ ಹಕ್ಕು’ ಎಂದರೆ ಜೈಲಿನ ವಾಸನೆ ಬರುತ್ತದೆ. ಅದಕ್ಕೂ ಒಂದು ಮಾತು ಬೇಕು. ಪದ ಕಳಿಸುವಾಗ ನಿಮ್ಮೂರಿನ ಯಾರಾದರೂ ಹೇಳಿದ ಒಂದು ವಾಕ್ಯವನ್ನೂ ಜೊತೆಗೆ ಕಳಿಸಿ. ನಿಘಂಟು ನನ್ನ ಹತ್ತಿರವೂ ಇದೆ.