ಅಪ್‌ಡೇಟ್ ಜೊತೆ ಆ್ಯಂಟಿ-ಚೀಟ್ ಬಂತು: ಕೊಂಡ ಗೇಮ್‌ನ ದುಡ್ಡು ವಾಪಸ್ ಸಿಗುತ್ತಾ?

ಪ್ರಶ್ನೆ: ಮೇಡಂ, ಎಂಟು ತಿಂಗಳ ಹಿಂದೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್‌ಗೆ ಈಗ ಕರ್ನಲ್ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ಹಿಡಿಯಲು ಕಂಪ್ಯೂಟರಿನ ಒಳಪದರದಲ್ಲೇ ಓಡುವ ತಂತ್ರಾಂಶ) ಸೇರಿಸಿದ್ದಾರೆ. ಹೊಸ ಕರಾರು ಒಪ್ಪದಿದ್ದರೆ ಗೇಮ್ ತೆರೆಯೋದೇ ಇಲ್ಲ. 60 ಗಂಟೆ ಆಡಿದ್ದೀನಿ. ರೀಫಂಡ್ ಕೇಳಬಹುದಾ?

ಉತ್ತರ (ಗ್ರಾಹಕ ಪ್ರಕರಣಗಳ ವಕೀಲೆ): ಕೇಳಬಹುದು. ಸ್ಟೀಮ್‌ನ ಮಾಮೂಲಿ ನಿಯಮ 14 ದಿನ, 2 ಗಂಟೆಯೊಳಗಿನ ಆಟ. ನೀವು ಅದನ್ನು ದಾಟಿದ್ದೀರಿ. ಆದರೂ ಅದರಾಚೆಯ ಅರ್ಜಿಯನ್ನು ಪರಿಶೀಲಿಸುತ್ತೇವೆ ಅಂತ ಅವರೇ ಬರೆದಿದ್ದಾರೆ, ಮೊದಲು ಅಲ್ಲೇ ಹಾಕಿ. ‘ಇಷ್ಟವಾಗಲಿಲ್ಲ’ ಅಂದರೆ ಅಲ್ಲಿಗೆ ಮುಗೀತು. ‘ಕೊಂಡಾಗ ಇಲ್ಲದ ಷರತ್ತನ್ನು ಇಂಥ ದಿನದ ಅಪ್‌ಡೇಟ್ ಹೇರಿದೆ, ಒಪ್ಪದಿದ್ದರೆ ಒಬ್ಬನೇ ಆಡುವ ಭಾಗವೂ ತೆರೆಯದು’ ಅಂತ ಬರೆಯಿರಿ.

ಅದಕ್ಕೂ ಮುಂಚೆ ಒಂದು ಕೆಲಸ. ಕರಾರಿನ ಕಿಟಕಿಯಲ್ಲಿ ‘ಬೇಡ’ ಒತ್ತಿ, ಗೇಮ್ ಮುಚ್ಚಿಕೊಳ್ಳುವುದನ್ನು ಫೋನಲ್ಲಿ ವಿಡಿಯೋ ಮಾಡಿ. ಕೇಸಿನ ಜೀವ ಅದು. ಖರೀದಿ ಇಮೇಲ್, ಪ್ಯಾಚ್ ನೋಟ್ಸ್ (ಅಪ್‌ಡೇಟಿನಲ್ಲಿ ಏನು ಬದಲಾಯಿತು ಅನ್ನುವ ಟಿಪ್ಪಣಿ) ಇಟ್ಟುಕೊಳ್ಳಿ. ಕರ್ನಲ್ ಆ್ಯಂಟಿ-ಚೀಟ್ ಇದ್ದರೆ ಸ್ಟೋರ್ ಪುಟದಲ್ಲೇ ಹೇಳಬೇಕು ಅನ್ನುವುದನ್ನು ಸ್ಟೀಮ್ 2024ರ ಅಕ್ಟೋಬರ್ ಕೊನೆಯಲ್ಲಿ ಕಡ್ಡಾಯ ಮಾಡಿತು. ಆಗ ಅದಿರಲಿಲ್ಲ ಅಂತ ತೋರಿಸಲು, ನೀವು ಕೊಂಡಾಗಿನ ಪುಟದ ಪ್ರತಿ ಹಳೆಯ ವೆಬ್‌ಪುಟಗಳನ್ನು ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಕ್ಕರೆ ಒಳ್ಳೆಯದು.

ಅರ್ಜಿ ತಳ್ಳಿಹಾಕಿದರೆ ಸ್ಟೋರ್‌ಗೂ ಪ್ರಕಾಶಕರಿಗೂ ಲಿಖಿತ ದೂರು. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಇಲ್ಲಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಕಂಪನಿಗೂ ಇದು ಅನ್ವಯ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಕೊನೆಗೆ ಇ-ಜಾಗೃತಿ ಪೋರ್ಟಲ್ ಮೂಲಕ ನಿಮ್ಮ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ದೂರು ಕೊಡಲು ಅವಧಿ 2 ವರ್ಷ. ಎಡವುವುದು ಇಲ್ಲಿ: ದೂರಿನಲ್ಲಿ ‘ಸೇವಾ ನ್ಯೂನತೆ’ ಅಂತ ಬರೆಯಿರಿ. ‘ಅನ್ಯಾಯದ ಕರಾರು’ ಅಂದುಬಿಟ್ಟರೆ ಅದು ರಾಜ್ಯ ಆಯೋಗದ ವ್ಯಾಪ್ತಿ, ಜಿಲ್ಲೆಯವರು ವಾಪಸ್ ಕಳಿಸುತ್ತಾರೆ.

60 ಗಂಟೆ ಆಡಿದ ಮೇಲೆ ಪೂರ್ತಿ ದುಡ್ಡು ಕಷ್ಟ ಅನ್ನೋದು ನನ್ನ ಅಂದಾಜು. ಪರ್ಯಾಯವಾಗಿ ಆ್ಯಂಟಿ-ಚೀಟ್ ಇಲ್ಲದ ಆವೃತ್ತಿಯನ್ನೂ ಕೇಳಿ. ಅದೇನು ಅಸಾಧ್ಯವಲ್ಲ: 2020ರ ಮೇನಲ್ಲಿ ಡೂಮ್ ಎಟರ್ನಲ್ ಗೇಮ್‌ಗೆ ಸೇರಿಸಿದ ಡೆನುವೊ ಆ್ಯಂಟಿ-ಚೀಟನ್ನು ತೆಗೆಯುವುದಾಗಿ ಅದರ ತಯಾರಕರು ವಾರದೊಳಗೇ ಘೋಷಿಸಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಅನ್ನುವ ಆ್ಯಂಟಿ-ಚೀಟ್ ಬಂದಾಗಲೂ ಸ್ಟೋರಿ ಮೋಡನ್ನು (ಒಬ್ಬರೇ ಆಡುವ ಭಾಗ) ಅದಿಲ್ಲದೆ ಆಡುವ ದಾರಿ ಉಳಿಯಿತು.

ಪ್ರಶ್ನೆ: ಇಷ್ಟೆಲ್ಲ ಯಾಕೆ ಮೇಡಂ, ಬ್ಯಾಂಕಲ್ಲೇ ಪೇಮೆಂಟ್ ಡಿಸ್ಪ್ಯೂಟ್ ಹಾಕಿದರೆ?

ಉತ್ತರ: ಬೇಡಪ್ಪಾ. ಚಾರ್ಜ್‌ಬ್ಯಾಕ್ ಆದರೆ, ಅಂದರೆ ಬ್ಯಾಂಕ್ ದುಡ್ಡನ್ನು ಹಿಂದಕ್ಕೆಳೆದರೆ, ಸ್ಟೀಮ್ ಅಕೌಂಟಿಗೇ ನಿರ್ಬಂಧ ಹಾಕಬಹುದು. ಒಂದು ಗೇಮ್‌ಗಾಗಿ ಉಳಿದವನ್ನೂ ಒತ್ತೆ ಇಟ್ಟಂತೆ.

ಪ್ರಶ್ನೆ (ಇನ್ನೊಬ್ಬರು): ನಾನಿರೋದು ಜರ್ಮನಿಯಲ್ಲಿ. ನನಗೂ ಇದೇ ದಾರಿನಾ?

ಉತ್ತರ: ನಿಮ್ಮ ಕಾನೂನು ಇನ್ನೂ ಗಟ್ಟಿ. ಯುರೋಪಿಯನ್ ಒಕ್ಕೂಟದ 2019/770 ನಿರ್ದೇಶನದ 19ನೇ ವಿಧಿ ಪ್ರಕಾರ, ಬದಲಾವಣೆಯಿಂದ ಬಳಕೆಗೆ ಗಣನೀಯ ತೊಂದರೆಯಾದರೆ 30 ದಿನದಲ್ಲಿ ಒಪ್ಪಂದ ರದ್ದು ಮಾಡಬಹುದು. ಹಳೆಯ ರೂಪವನ್ನೇ ಹೆಚ್ಚುವರಿ ಖರ್ಚಿಲ್ಲದೆ ಉಳಿಸಿಕೊಳ್ಳಲು ಕಂಪನಿಯವರು ಬಿಟ್ಟರೆ ಮಾತ್ರ ಈ ಹಕ್ಕಿಲ್ಲ. ದಿನ ಎಣಿಸಿ.

ಪ್ರಶ್ನೆ: ಗೇಮ್ ಅನ್‌ಇನ್‌ಸ್ಟಾಲ್ ಮಾಡಿದರೆ ಆ್ಯಂಟಿ-ಚೀಟೂ ಹೋಗುತ್ತಾ?

ಉತ್ತರ: ಎಲ್ಲದರಲ್ಲೂ ಇಲ್ಲ. ವಿಂಡೋಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಬೇರೆ ಹೆಸರಿನಲ್ಲಿ ಕೂತಿರಬಹುದು, ಸರ್ವಿಸಸ್ ಪಟ್ಟಿಯನ್ನೂ ನೋಡಿ. ಸಿಕ್ಕರೆ ಮೊದಲು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್, ಆಮೇಲೆ ಡಿಲೀಟ್.